ಪಟ್ಟಿಯ ಮೊದಲ ಸಾಲು

ಮೊನ್ನೆ ಹಳೆಯ ಶಿಷ್ಯರೊಬ್ಬರು ದೂರವಾಣಿ ಮಾಡಿದ್ದರು. ದಶಮಾಂಶ ಬಿಂದುವನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ನನ್ನೊಡನೆ ಮೂರು ವರ್ಷ ಜಗಳವಾಡಿದ ಹುಡುಗ. ಈಗ ಬ್ಯಾಂಕಿನಲ್ಲಿ ಅಧಿಕಾರಿ. "ಸಾರ್, ಮಗ ಗೇಮ್ ಆಡೋ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದಿದ್ದಾನೆ. ನೀವು ಮೊಮ್ಮಗನಿಗೆ ಕೊಡಿಸಿದ್ದೀರಂತಲ್ಲ, ಏನೇನು ತಗೊಂಡ್ರಿ ಅಂತ ಸ್ವಲ್ಪ ಪಟ್ಟಿ ಕೊಡ್ತೀರಾ?" ಎಂದು ಕೇಳಿದರು. ಪಟ್ಟಿ ಕೊಡುವುದು ಸುಲಭ. ಆದರೆ ಆ ಪಟ್ಟಿಯ ಹಿಂದೆ ಒಂದು ಕಥೆಯಿದೆ. ಅದನ್ನು ಹೇಳದೆ ಬರಿಯ ಪಟ್ಟಿ ಕೊಟ್ಟರೆ ಲೆಕ್ಕದ ಹಂತಗಳನ್ನು ಬಿಟ್ಟು ಉತ್ತರ ಮಾತ್ರ ಬರೆದಂತಾದೀತು. ಅಂಥವರಿಗೆ ನಾನು ಅರ್ಧ ಅಂಕವನ್ನಷ್ಟೇ ಕೊಡುತ್ತಿದ್ದೆನೆಂಬುದು ನಿಮಗೆಲ್ಲ ನೆನಪಿರಬಹುದು.

ಇದು 2023ರ ಬೇಸಿಗೆಯ ಮಾತು. ಮಗನದು ಊರೂರು ಅಲೆಯುವ ವರ್ಗಾವಣೆಯ ನೌಕರಿಯಾದ್ದರಿಂದ ಮೊಮ್ಮಗ ಪಿ.ಯು.ಸಿ.ಯ ಎರಡು ವರ್ಷವೂ ತಿಪಟೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಓದಿದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕುಳಿತು, "ತಾತ, ನಾನು ಒಂದು ಗೇಮಿಂಗ್ ಪಿ.ಸಿ. ಜೋಡಿಸಬೇಕು ಅಂತಿದ್ದೀನಿ" ಎಂದ. ಅಂಚೆ ಕಚೇರಿಯಲ್ಲಿ ಅವನ ಹೆಸರಿನಲ್ಲಿ ಕೂಡಿಟ್ಟ ಹದಿನೆಂಟು ಸಾವಿರವಿತ್ತು. ಇಪ್ಪತ್ತೈದು ಸಾವಿರ ಕೊಡಲು ಅವನ ಅಪ್ಪ ಒಪ್ಪಿದ್ದನಂತೆ. ಉಳಿದ ಹದಿನೇಳು ಸಾವಿರ ಯಾರ ಪಿಂಚಣಿಯಿಂದ ಬರಬೇಕೆಂಬುದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಅರುವತ್ತು ಸಾವಿರ ರೂಪಾಯಿ! ಅದೂ ಆಟಕ್ಕೆ! ನನ್ನ ಬಾಯಿಗೆ ಬಂದ ಮೊದಲ ಮಾತು "ಬೇಡ" ಎಂಬುದೇ ಆಗಿತ್ತು. ಅದನ್ನು ನುಂಗಿಕೊಳ್ಳಲು ನನ್ನದೇ ಆದ ಕಾರಣವೊಂದಿತ್ತು, ಮುಂದೆ ಹೇಳುತ್ತೇನೆ. "ಮೊದಲು ಪ್ರಶ್ನೆಯನ್ನು ಸರಿಯಾಗಿ ಬರಿ. ಏನು ಬೇಕು, ಯಾಕೆ ಬೇಕು, ಎಷ್ಟರಲ್ಲಿ ಬೇಕು? ಆಮೇಲೆ ಉತ್ತರ ಹುಡುಕೋಣ" ಎಂದು ಒಂದು ನೋಟ್ ಪುಸ್ತಕವನ್ನು ಅವನ ಕೈಗಿತ್ತೆ.

ಅಂದಿನಿಂದ ಹತ್ತು ದಿನ ನಮ್ಮ ಮನೆಯಲ್ಲಿ ಪಾಠ ನಡೆಯಿತು. ಈ ಬಾರಿ ಮೇಷ್ಟ್ರು ಅವನು, ವಿದ್ಯಾರ್ಥಿ ನಾನು.

ಅವನಿಗೆ ಆಡಬೇಕಿದ್ದ ಆಟಗಳು ಮೂರು. ವ್ಯಾಲರಂಟ್ ಎಂಬುದು ಸಾಧಾರಣ ಯಂತ್ರದಲ್ಲೂ ಓಡುವಂಥದು. 2015ರ ದಿ ವಿಚರ್ 3 ಮತ್ತು 2021ರಲ್ಲಿ ಬಂದ ಫೋರ್ಜಾ ಹೊರೈಜನ್ 5 ಎಂಬ ಕಾರಿನ ಆಟ ಇವೆರಡೂ ಭಾರವಾದವು. ಸಾಮಾನ್ಯ ಫುಲ್ ಎಚ್.ಡಿ. ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಆಟ ತಡವರಿಸದೆ ಕಾಣಬೇಕಾದರೆ ಸೆಕೆಂಡಿಗೆ ಅರುವತ್ತು ಚಿತ್ರಗಳಾದರೂ ಬೇಕು. ಅಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿದ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು! 4ಕೆ ಎಂಬ ಪರದೆಗೆ ಇದರ ಸರಿಯಾಗಿ ನಾಲ್ಕರಷ್ಟು. ಈ ಲೆಕ್ಕ ಕೇಳಿದ ಮೇಲೆ 'ಆಟದ ಯಂತ್ರ'ವೆಂಬ ನನ್ನ ತಾತ್ಸಾರ ಅರ್ಧ ಇಳಿಯಿತು. "ನಮಗೆ ಫುಲ್ ಎಚ್.ಡಿ. ಸಾಕು ತಾತ" ಎಂದು ಅವನೇ ತೀರ್ಮಾನಿಸಿದ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಬಂದಿತೆಂದು ನನಗೆ ಸಮಾಧಾನವಾಯಿತು. ಮುಂದಿನ ಆಯ್ಕೆಗಳೆಲ್ಲ ಈ ಒಂದು ತೀರ್ಮಾನದಿಂದಲೇ ಹೊರಟವು.

ಚುಕ್ಕೆಗಳನ್ನು ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಆಟದ ಯಂತ್ರದಲ್ಲಿ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಅಲ್ಲಿಗೇ. ಅವನು ಆರಿಸಿದ್ದು ರೇಡಿಯಾನ್ ಆರ್.ಎಕ್ಸ್. 6600 ಎಂಬುದನ್ನು. ಅದರಲ್ಲಿ 8 ಜಿ.ಬಿ. ಸ್ವಂತ ಸ್ಮೃತಿಯಿದೆ, ತಿನ್ನುವ ವಿದ್ಯುತ್ತು 132 ವಾಟ್. ಹಾಗೆಂದು ಎಲ್ಲ ಹಣವನ್ನೂ ಅದಕ್ಕೇ ಸುರಿದು ಪ್ರೊಸೆಸರನ್ನು ಅಗ್ಗದ್ದು ಕೊಂಡರೆ ಪ್ರಯೋಜನವಿಲ್ಲ. ಕಟ್ಟುಮಸ್ತಾದ ಹಳ್ಳಿಕಾರ್ ಎತ್ತಿಗೆ ಬಡಕಲು ಎತ್ತನ್ನು ಜೊತೆಮಾಡಿ ನೊಗ ಕಟ್ಟಿದಂತೆ. ಗಾಡಿ ನಡೆಯುವುದು ಬಡಕಲು ಎತ್ತಿನ ವೇಗದಲ್ಲೇ. ಆದ್ದರಿಂದ ರೈಜನ್ 5 5600. ಅದರಲ್ಲಿ ಆರು ಕೋರ್‌ಗಳು, 65 ವಾಟ್, ತಣಿಸುವ ಫ್ಯಾನ್ ಪೆಟ್ಟಿಗೆಯಲ್ಲೇ ಬರುತ್ತದೆ.

ಇಲ್ಲಿ ನಾನೊಂದು ಆಕ್ಷೇಪ ತೆಗೆದೆ. ಈ ಪ್ರೊಸೆಸರು ಕೂರುವ ಎಎಂ4 ಎಂಬ ಪೀಠ 2016ರಲ್ಲಿ ಬಂದದ್ದು. 2022ರಲ್ಲಿ ಅದರ ಉತ್ತರಾಧಿಕಾರಿಯಾದ ಎಎಂ5 ಬಂದಾಗಿದೆ. ಹಳೆಯದನ್ನೇಕೆ ಕೊಳ್ಳಬೇಕು? "ಹೊಸದಕ್ಕೆ ಮದರ್‌ಬೋರ್ಡೂ ದುಬಾರಿ, ಅದು ಕೇಳೋ ಡಿಡಿಆರ್5 ರ‍್ಯಾಮೂ ದುಬಾರಿ ತಾತ. ಅಲ್ಲಿ ಹೆಚ್ಚು ಕೊಟ್ಟರೆ ಗ್ರಾಫಿಕ್ಸ್ ಕಾರ್ಡಿಗೆ ಕಡಿಮೆಯಾಗುತ್ತೆ" ಎಂದ. ಒಪ್ಪಿದೆ. ಬಿ450 ಮದರ್‌ಬೋರ್ಡು ಈ ಪ್ರೊಸೆಸರಿಗಿಂತ ಮುಂಚೆ, 2018ರಲ್ಲಿ ಬಂದ ಜಾತಿಯದಾದ್ದರಿಂದ ಅದರ ಬಯೋಸ್ ಹೊಸ ಆವೃತ್ತಿಯದೇ ಎಂದು ಅಂಗಡಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದ. ರ‍್ಯಾಮ್ 16 ಜಿ.ಬಿ.; ಆದರೆ ಒಂದೇ ಪಟ್ಟಿಯಲ್ಲಲ್ಲ, ಎಂಟೆಂಟರ ಎರಡು ಪಟ್ಟಿಗಳಲ್ಲಿ. ಎರಡು ಬಾಗಿಲಿನಿಂದ ಮಕ್ಕಳನ್ನು ಹೊರಬಿಟ್ಟರೆ ತರಗತಿ ಬೇಗ ಖಾಲಿಯಾಗುವ ಹಾಗೆ, ಎರಡಿದ್ದರೆ ಮಾಹಿತಿ ಬೇಗ ಸಾಗುತ್ತದೆ. ಸಂಗ್ರಹಕ್ಕೆ 500 ಜಿ.ಬಿ.ಯ ಎಸ್.ಎಸ್.ಡಿ. ಮುಂದೆ ಕೈಯಲ್ಲಿ ಹಣವಿದ್ದಾಗ ಇನ್ನೊಂದನ್ನು ಸೇರಿಸಬಹುದಾದ್ದರಿಂದ ಇಲ್ಲಿ ಮಿತವ್ಯಯ ತಪ್ಪಲ್ಲ.

ಇಷ್ಟೆಲ್ಲ ಸರಿಯೇ. ಆದರೆ ಅವನ ಪಟ್ಟಿಯಲ್ಲಿ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಮೊದಲ ಸಾಲಿನಲ್ಲಿದ್ದದ್ದು ಗ್ರಾಫಿಕ್ಸ್ ಕಾರ್ಡೂ ಅಲ್ಲ, ಪ್ರೊಸೆಸರೂ ಅಲ್ಲ: "ಎಸ್.ಎಂ.ಪಿ.ಎಸ್., 550 ವಾಟ್, ಬ್ರಾಂಜ್." ಅದರ ಕೆಳಗೆ ಎರಡು ಗೆರೆ ಎಳೆದಿದ್ದ. ನಾನು ಏನನ್ನೂ ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲವೆಂದರೆ ಹೆಚ್ಚು ಸರಿ.

ಒಂದು ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ನಡೆದೆವು. ಆ ರಸ್ತೆಯನ್ನು ನೋಡದವರಿಗೆ ವರ್ಣಿಸುವುದು ಕಷ್ಟ. ಮಾರುದ್ದದ ಅಂಗಡಿಗಳು, ಬಾಗಿಲಲ್ಲೇ ತೂಗುಬಿದ್ದ ವೈರುಗಳು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು "ಸೈಡ್, ಸೈಡ್" ಎನ್ನುತ್ತ ಓಡುವ ಹುಡುಗರು. ಮೊಮ್ಮಗ ಜಾತ್ರೆಗೆ ಬಂದ ಮಗುವಿನಂತೆ ಕಣ್ಣರಳಿಸಿದ್ದರೂ ಪುಸ್ತಕವನ್ನು ಮಾತ್ರ ಕೈಬಿಡಲಿಲ್ಲ.

ಒಂದು ಅಂಗಡಿಯವರು ಅರ್ಧ ಬೆಲೆಗೆ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ತೋರಿಸಿದರು. ನನಗೆ ಆಸೆಯಾಯಿತು. ಹುಡುಗ ಮೆಲ್ಲಗೆ ತಲೆಯಾಡಿಸಿ ನನ್ನನ್ನು ಹೊರಗೆ ಕರೆತಂದ. ಎಥೀರಿಯಂ ಎಂಬ ನಾಣ್ಯವನ್ನು ಗಣಕಗಳಲ್ಲಿ 'ಅಗೆಯಲು' ಇಂಥ ಕಾರ್ಡುಗಳನ್ನು ರಾತ್ರಿಹಗಲು ದುಡಿಸುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ವ್ಯವಸ್ಥೆಯೇ ಬದಲಾಗಿ ಅಗೆತ ನಿಂತುಹೋದ ಮೇಲೆ ಬಳಲಿದ ಕಾರ್ಡುಗಳು ಮಾರುಕಟ್ಟೆಗೆ ಬಂದವಂತೆ. ಎಲ್ಲವೂ ಕೆಟ್ಟವೇನಲ್ಲ, ಆದರೆ ಯಾವುದು ಎಷ್ಟು ದುಡಿದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ, ವಾರಂಟಿಯೂ ಇರುವುದಿಲ್ಲ. ದನದ ಜಾತ್ರೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳಬಹುದು, ಇದಕ್ಕೆ ಹಲ್ಲೂ ಇಲ್ಲವಲ್ಲ!

ಮೂರನೆಯ ಅಂಗಡಿಯಲ್ಲಿ ಬೆಲೆಗಳು ಹೊಂದಿದವು. ಎಲ್ಲ ಮುಗಿಯಿತು ಎನ್ನುವಾಗ ಅಂಗಡಿಯ ಮಾಲೀಕರು ಗಾಜಿನ ಬದಿಯ, ಬಣ್ಣಬಣ್ಣದ ದೀಪಗಳ ಕ್ಯಾಬಿನೆಟ್ಟೊಂದನ್ನು ಬೆಳಗಿಸಿ, "ಯಜಮಾನ್ರೇ, ಇದರಲ್ಲಿ ಎಸ್.ಎಂ.ಪಿ.ಎಸ್. ಒಳಗೇ ಬರುತ್ತೆ. ಬೇರೆ ತಗೊಳ್ಳೋದೇ ಬೇಡ. ಉಳಿದ ದುಡ್ಡಲ್ಲಿ ದೊಡ್ಡ ಮಾನಿಟರ್ ಹಾಕಿಸ್ಕೊಳ್ಳಿ" ಎಂದರು. ದೀಪದ ಬೆಳಕು ಮೊಮ್ಮಗನ ಮುಖದ ಮೇಲೆ ಆಡುತ್ತಿತ್ತು. ಹದಿನೆಂಟರ ಹುಡುಗ, ಆಸೆಯಾಗದಿದ್ದೀತೆ? ಒಂದು ಕ್ಷಣ ಪುಸ್ತಕ ನೋಡಿದ. "ಬೇಡ ಸಾರ್. ಬೇರೆ ಏನು ಬಿಟ್ಟರೂ ಎಸ್.ಎಂ.ಪಿ.ಎಸ್. ಮಾತ್ರ ಬಿಡಬೇಡ ಅಂತ ಅಪ್ಪ ಹೇಳಿದ್ದಾರೆ" ಎಂದ.

ನನ್ನ ಎದೆಯಲ್ಲಿ ಏನೋ ಕಳಚಿದಂತಾಯಿತು. ಅವರು ಬಿಲ್ಲು ಬರೆಯುವವರೆಗೆ ಕಾಫಿ ಕುಡಿದು ಬರೋಣವೆಂದು ಹುಡುಗನನ್ನು ಹೊರಗೆ ಕರೆತಂದೆ. "ಅಪ್ಪ ಇನ್ನೇನು ಹೇಳಿದ?" ಎಂದು ಕೇಳಿದೆ.

"ಕಾಲೇಜಲ್ಲಿದ್ದಾಗ ಅವರ ಕಂಪ್ಯೂಟರ್ ಸುಟ್ಟುಹೋಗಿತ್ತಂತೆ. ಅಷ್ಟೇ."

"ಅದನ್ನು ಯಾರು ಕೊಡಿಸಿದ್ದು ಅಂತ ಹೇಳಲಿಲ್ಲವೇ?"

"ಇಲ್ಲ ತಾತ."

ಆಗ, ಇಪ್ಪತ್ತನಾಲ್ಕು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಕಥೆಯನ್ನು ಅವನಿಗೆ ಹೇಳಿದೆ.

1999ರ ಜೂನ್ ತಿಂಗಳು. ಮಗ ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ. ಜಿ.ಪಿ.ಎಫ್. ಸಾಲ ತೆಗೆದು ಕಂಪ್ಯೂಟರ್ ಕೊಡಿಸಲು ಹೊರಟೆ. ಅವನೂ ಹೀಗೆಯೇ ಒಂದು ಚೀಟಿ ಬರೆದು ತಂದಿದ್ದ: ಸ್ಪೀಕರ್ ಬೇಡ, ದೊಡ್ಡ ಕ್ಯಾಬಿನೆಟ್ ಬೇಡ, ರ‍್ಯಾಮ್ ಸ್ವಲ್ಪ ಹೆಚ್ಚಿರಲಿ, ಎಸ್.ಎಂ.ಪಿ.ಎಸ್. ಒಳ್ಳೆಯದಿರಲಿ. ನಾನು ಆ ಚೀಟಿಯನ್ನು ಓದಲೇ ಇಲ್ಲ. "ರ‍್ಯಾಮ್ ಹೆಚ್ಚು ಬೇಕಾದದ್ದು ಆಟ ಆಡುವುದಕ್ಕೆ, ನನಗೆ ಗೊತ್ತು" ಎಂದು ಗದರಿದೆ. ಅಂಗಡಿಯವನು ತೋರಿಸಿದ ಎತ್ತರದ ಕ್ಯಾಬಿನೆಟ್ಟು, ಜೋಡಿ ಸ್ಪೀಕರು, ಹೊದಿಸಲು ಪ್ಲಾಸ್ಟಿಕ್ ಹೊದಿಕೆ ಇವುಗಳಿಗೆ ಮರುಳಾಗಿ ಹಣ ತೆತ್ತೆ. ಎಸ್.ಎಂ.ಪಿ.ಎಸ್. ಕ್ಯಾಬಿನೆಟ್ಟಿನೊಳಗೇ ಬಂದಿತ್ತು.

2000ದ ಮಾರ್ಚ್ ತಿಂಗಳ ಒಂದು ರಾತ್ರಿ ಊರಿನಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿತು. ಪಟ್ಟೆಂದು ಸದ್ದು, ಸುಟ್ಟ ವಾಸನೆ. ಗೋಡೆಯ 230 ವೋಲ್ಟನ್ನು ಯಂತ್ರಕ್ಕೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಪೆಟ್ಟಿಗೆ ಅದು. ಒಳ್ಳೆಯದಾದರೆ ತಾನು ಕೆಡುವಾಗ ಉಳಿದವುಗಳನ್ನು ಕಾಪಾಡುವ ಏರ್ಪಾಡು ಅದರೊಳಗಿರುತ್ತದೆ; ಕಳಪೆಯದು ತಾನು ಸಾಯುವಾಗ ಮನೆಮಂದಿಯನ್ನೂ ಕರೆದೊಯ್ಯುತ್ತದೆ. ಮದರ್‌ಬೋರ್ಡು ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಅದರಲ್ಲಿ ಮಗನ ಕೊನೆಯ ವರ್ಷದ ಪ್ರಾಜೆಕ್ಟ್ ಇತ್ತು. ಫ್ಲಾಪಿಗಳಲ್ಲಿ ಉಳಿದದ್ದು ಅರ್ಧ ಮಾತ್ರ. ಹೊಸದಕ್ಕೆ ನನ್ನಲ್ಲಿ ಹಣವಿರಲಿಲ್ಲ. ವಾರಗಟ್ಟಲೆ ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತು ಅದನ್ನೆಲ್ಲ ಮತ್ತೆ ಮಾಡಿದ. ನನಗೆ ಹೇಳಿದ್ದು ಒಂದೇ ಮಾತು: "ಹೋಗಲಿ ಬಿಡಿ ಅಪ್ಪ." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊಮ್ಮಗ ಕಾಫಿಯ ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಬನ್ನಿ ತಾತ, ಬಿಲ್ ಆಗಿರುತ್ತೆ" ಎಂದು ನನ್ನ ಕೈ ಹಿಡಿದುಕೊಂಡು ರಸ್ತೆ ದಾಟಿಸಿದ.

ಪಟ್ಟಿ ಕೇಳಿದ ಶಿಷ್ಯರಿಗಾಗಿ ಅಂದಿನ ಬಿಲ್ಲಿನ ಲೆಕ್ಕ: ಪ್ರೊಸೆಸರ್ 11,500, ಮದರ್‌ಬೋರ್ಡ್ 6,200, ರ‍್ಯಾಮ್ 3,300, ಎಸ್.ಎಸ್.ಡಿ. 2,600, ಗ್ರಾಫಿಕ್ಸ್ ಕಾರ್ಡ್ 20,500, ಎಸ್.ಎಂ.ಪಿ.ಎಸ್. 4,000, ದೀಪವಿಲ್ಲದ, ಆದರೆ ಗಾಳಿ ಚೆನ್ನಾಗಿ ಆಡುವ ಕ್ಯಾಬಿನೆಟ್ 2,900, ಮಾನಿಟರ್ 8,500. ಒಟ್ಟು 59,500. ಕೀಲಿಮಣೆ, ಮೌಸ್ ಮನೆಯಲ್ಲಿದ್ದ ಹಳೆಯವು. ಮಿಕ್ಕ ಐನೂರು ಊಟಕ್ಕೆ, ರೈಲಿಗೆ. ಪ್ರೊಸೆಸರಿನ 65, ಕಾರ್ಡಿನ 132, ಉಳಿದದ್ದಕ್ಕೆ ಐವತ್ತೆಂದರೂ ಇನ್ನೂರೈವತ್ತು ವಾಟ್ ಆಗುವುದಿಲ್ಲ; 550ರ ಪೆಟ್ಟಿಗೆ ಆಯಾಸಪಡದೆ ದುಡಿಯುತ್ತದೆ. ಪೆಟ್ಟಿಗೆಯ ಮೇಲಿನ '80 ಪ್ಲಸ್' ಮುದ್ರೆ ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆಂಬುದಕ್ಕೆ ಸಾಕ್ಷಿಯೇ ಹೊರತು ಸುರಕ್ಷತೆಗೆ ಪೂರ್ಣ ಸಾಕ್ಷಿಯಲ್ಲ. ಆದ್ದರಿಂದ ಒಳ್ಳೆಯ ಹೆಸರಿರುವ ತಯಾರಕರದನ್ನು, ವಾರಂಟಿಯ ವರ್ಷಗಳನ್ನು ನೋಡಿಯೇ ಕೊಳ್ಳಬೇಕು.

ಮರುದಿನ ಊಟದ ಮೇಜಿನ ಮೇಲೆ ಅವನೇ ಎಲ್ಲವನ್ನೂ ಜೋಡಿಸಿದ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಗುಂಡಿ ಒತ್ತಿ ಪರದೆ ಬೆಳಗಿದಾಗ ಅವನ ಅಜ್ಜಿ ಯಂತ್ರಕ್ಕೆ ಕುಂಕುಮವಿಟ್ಟಳು. ಆ ರಾತ್ರಿ ಮಗನಿಗೆ ದೂರವಾಣಿ ಮಾಡಿದೆ. "ಅಂದು ನಿನ್ನ ಚೀಟಿಯನ್ನು ನಾನು ಓದಬೇಕಿತ್ತು ಕಣೋ" ಎಂದೆ. ಆ ಕಡೆ ಸ್ವಲ್ಪ ಮೌನ. "ಅದರಲ್ಲಿ ರ‍್ಯಾಮ್ ಆಟಕ್ಕೇ ಬರೆದಿದ್ದೆ ಅಪ್ಪ, ನೀವು ಹೇಳಿದ್ದು ಸರಿಯಾಗೇ ಇತ್ತು" ಎಂದು ನಕ್ಕ. ನಾನೂ ನಕ್ಕೆ. ಕಣ್ಣು ಒದ್ದೆಯಾದದ್ದು ದೂರವಾಣಿಯಲ್ಲಿ ಕಾಣುವುದಿಲ್ಲವಷ್ಟೆ.

ಈಗ ಶಿಷ್ಯರಿಗೆ ನನ್ನ ಉತ್ತರ. ನನ್ನ ಪಟ್ಟಿಯನ್ನು ಹಾಗೆಯೇ ನಕಲು ಮಾಡಬೇಡಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ವಿಪರೀತ ಏರಿತು. 3,300 ರೂಪಾಯಿಯ ಆ ಸಾಲು ಈಗ ಹಳೆಯ ಕಾಲದ ಮಾತು. ಬೆಲೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಯಾವ ಆಟ, ಯಾವ ಪರದೆ ಎಂಬುದು ಮೊದಲು. ಅದಕ್ಕೆ ತಕ್ಕ ಕಾರ್ಡು, ಕಾರ್ಡಿಗೆ ತಕ್ಕ ಪ್ರೊಸೆಸರು. ಮುಂದೆ ಸೇರಿಸಬಹುದಾದದ್ದರಲ್ಲಿ ಉಳಿತಾಯ. ಕಣ್ಣಿಗೆ ಕಾಣದೆ ಎಲ್ಲವನ್ನೂ ಹೊತ್ತು ನಿಂತದ್ದರಲ್ಲಿ ಮಾತ್ರ ಉಳಿತಾಯ ಬೇಡ.

ಇನ್ನೊಂದು ಮಾತು. ನಿಮ್ಮ ಮಗನೂ ಒಂದು ಪಟ್ಟಿ ಬರೆದಿಟ್ಟಿರುತ್ತಾನೆ. ಅಂಗಡಿಗೆ ಹೋಗುವ ಮುನ್ನ ಅದನ್ನು ಕೇಳಿ ಪಡೆದು, ಪೂರ್ತಿಯಾಗಿ ಓದಿ.