ಹಾಡು ಹುಡುಕಿ ಹೊರಟಾಗ

ನನಗೆ ಎರಡು ಹುಚ್ಚು. ಒಂದು ಊರೂರು ತಿರುಗುವುದು, ಇನ್ನೊಂದು ಹಾಡು ಕೇಳುವುದು. ಭಜನಿ ಇರಲಿ, ಡೊಳ್ಳಿನ ಪದ ಇರಲಿ, ಗೀಗೀ ಪದ ಇರಲಿ, ಕರೆಯದಿದ್ದರೂ ಹೋಗಿ ಕೂಡುವವ ನಾನು.

ಹೋದ ವರ್ಷ ತಂಗಿಯ ಮಗ ಮೊಬೈಲಿನಲ್ಲಿ ರೊಮೇನಿಯಾ ದೇಶದ ಹಳ್ಳಿ ಹಾಡೊಂದನ್ನು ಕೇಳಿಸಿದ. ಅದಕ್ಕೆ ಅಲ್ಲಿ 'ದೊಯ್ನಾ' ಅನ್ನುತ್ತಾರೆ. ತಾಳದ ಕಟ್ಟಿಲ್ಲ, ಉಸಿರು ಹೋದಷ್ಟು ದೂರ ದನಿ ಹೋಗುತ್ತದೆ. ಮಾತು ಒಂದೂ ತಿಳಿಯಲಿಲ್ಲ. ಒಳಗಿದ್ದ ಅವ್ವ ಮಾತ್ರ, "ಯಾರೋ ಅಕಿ, ತವರಮನಿ ನೆನಿಸಿ ಹಾಡ್ಲತ್ತಾಳ ಅನಸ್ತದ" ಅಂದಳು.

ಅಂದಿನಿಂದ ಆ ಹಾಡುಗಳ ಬೆನ್ನು ಹತ್ತಿದೆ. ಅವನ್ನು ಕೂಡಿಸಿದವರಲ್ಲಿ ದೊಡ್ಡವನು ಬೇಲಾ ಬಾರ್ತೋಕ್. ಅವನು ಹಂಗೇರಿಯವ, ಅವನ ಮನೆಮಾತು ಬೇರೆ. ಆದರೂ 1909ರಿಂದ ಬಿಹೋರ್ ಭಾಗದ ರೊಮೇನಿಯನ್ ಹಳ್ಳಿಗಳನ್ನು ತಿರುಗಿದ. ಅವನ ಫೋನೋಗ್ರಾಫ್ ಯಂತ್ರ ಮೇಣದ ಉರುಳೆಯ ಮೇಲೆ ರೈತರ ದನಿ ಕೊರೆಯುತ್ತಿತ್ತು. 1913ರಲ್ಲಿ ಆ ಹಾಡುಗಳ ಪುಸ್ತಕ ಬುಖಾರೆಸ್ತಿನಲ್ಲಿ ಅಚ್ಚಾಯಿತು. 1920ರ ಒಪ್ಪಂದದಲ್ಲಿ ಗಡಿ ಸರಿದು ಆ ಹಳ್ಳಿಗಳು ರೊಮೇನಿಯಾಕ್ಕೆ ಹೋದವು. ಹಾಡು ಮಾತ್ರ ಇದ್ದಲ್ಲೇ ಇತ್ತು. ಮೈಂದರ್ಗಿಯವರಾದ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ರೊಮೇನಿಯಾಕ್ಕೆ ಹೋಗುವಷ್ಟು ರೊಕ್ಕ ನನ್ನಲ್ಲಿಲ್ಲ. ಆದರೆ ಅಂಥ ಕೆಲಸ ನಮ್ಮ ಮಗ್ಗಲಲ್ಲೇ ನಡೆದಿತ್ತು. ಸೊಲ್ಲಾಪುರದಲ್ಲಿ ವಿಜಯಪುರದ ಬಸ್ಸು ಹಿಡಿದು, ಭೀಮಾ ನದಿ ದಾಟಿ ಹಲಸಂಗಿಗೆ ಹೋದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರು ಕೂಡಿದ ಊರು. ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದವರು ಈ ಗೆಳೆಯರ ಬಳಗದವರೇ. ಲಾವಣಿಗಳ 'ಜೀವನ ಸಂಗೀತ' 1933ರಲ್ಲಿ ಬಂತು. ಇವರ ಹತ್ತಿರ ಯಂತ್ರ ಇರಲಿಲ್ಲ. ಕಿವಿ ಇತ್ತು, ಲೇಖಣಿಕಿ ಇತ್ತು. ಮುಖ್ಯವಾಗಿ, ತಮ್ಮ ಸುತ್ತಿನವರನ್ನೇ ಕೇಳಿದರು.

ಆ ಊರಿನ ಕಟ್ಟೆಯ ಮೇಲೆ ಕೂತಾಗ ನನಗೆ ನಾಚಿಕೆಯಾಯಿತು. ಊರೂರು ತಿರುಗಿ ಹಾಡು ಕೇಳಿದ ನಾನು ಅವ್ವನಿಗೆ ಒಂದು ದಿನವೂ "ಹಾಡು ಬೇ" ಅಂದಿರಲಿಲ್ಲ.

ಮನೆಗೆ ಬಂದವನೇ ಕೇಳಿದೆ. "ಎಲ್ಲಿ ನೆನಪದ ತಮ್ಮಾ, ಗಿರಣಿ ಬಂದು ನಲವತ್ತು ವರ್ಷಾತು" ಅಂದಳು. ಎರಡು ಸಾಲು ಅಂದು ನಿಂತಳು. ಆದರೆ ಬಲಗೈ ಮಾತ್ರ ಗಾಳಿಯಲ್ಲಿ ಸುತ್ತು ತಿರುಗುತ್ತಿತ್ತು. ಅದನ್ನು ನೋಡಿ ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ತಂದೆ, ಹೊಸ ಗೂಟ ಬಡಿದೆ, ಒಂದು ಹಿಡಿ ಜೋಳ ಹಾಕಿದೆ. ಕಲ್ಲು ತಿರುಗಿತು, ಹಾಡು ತಾನೇ ಬಂತು. ಆ ರಾತ್ರಿ ಹನ್ನೊಂದು ತ್ರಿಪದಿ ಬಂದವು.

ಮುಂದೆ ಬರಲಿಲ್ಲ. "ಮುಂದಿನ್ವು ನಮ್ಮ ಜೋಡಿ ಬೀಸಾಕಿ ಎತ್ತತಿದ್ಲು. ಅಕಿ ಎತ್ತಿಕೊಟ್ರ ನನಗ ಬರ್ತಿದ್ವು" ಅಂದಳು. ಜೋಡಿಯಾಕಿ ನಮ್ಮ ಮಗ್ಗಲ ಮನೆಯವಳು. ಎರಡು ವರ್ಷದ ಹಿಂದೆ ತೀರಿಕೊಂಡಳು. ನಾನು ದಿನಾ ಅವಳ ಬಾಗಿಲ ಮುಂದೆಯೇ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ.

ಆ ಹನ್ನೊಂದನ್ನು ಬರೆದವಳು ನನ್ನ ಮೊಮ್ಮಗಳು. ಮರಾಠಿ ಸಾಲಿಯಲ್ಲಿ ಓದುವ ಹುಡುಗಿ, ಮುತ್ತಜ್ಜಿಯ ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆದಳು. ನಾನು ಕೂತು ಕನ್ನಡಕ್ಕೆ ಇಳಿಸಿದೆ. ಈಗ ಅವಳೂ ನನ್ನ ಮಗ್ಗಲಿಗೆ ಕೂತು ಅಕ್ಷರ ತಿದ್ದುತ್ತಾಳೆ.

ಆ ವಹಿ ನಮ್ಮ ವಾಚನಾಲಯದಲ್ಲಿ ಇಟ್ಟಿದ್ದೇನೆ. ಹಾಳೆ ಬಹಳ ಖಾಲಿ ಇವೆ. ಗುರುಗಳು ಮಕ್ಕಳಿಗೆ ಹೇಳಬೇಕು: ಮನೆಯಲ್ಲಿ ಆಯಿ ಇದ್ದರೆ ಇವತ್ತೇ ಕೇಳಿರಿ. ಬರೇ ಕೇಳಿದರೆ ಸಾಲದು, ಕೈಗೆ ಕಲ್ಲಿನ ಗೂಟ ಕೊಡಿರಿ.