ಬಾಡಿಗೆ ನೆಲದ ಗುಲಾಬಿ

ಬಾಡಿಗೆ ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ದೇವರ ಪಟಕ್ಕೆ ಎಂದರೂ 'ಗಾರೆ ಉದುರುತ್ತಲ್ಲಾ' ಎಂದು ರಾಗ ಎಳೆಯುತ್ತಾರೆ. ಆದರೆ ಅಂಗಳದಲ್ಲಿ ಒಂದು ಹೂವಿನ ಗಿಡ ನೆಡುತ್ತೇನೆ ಎಂದರೆ ಬೇಡ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಮೊಳೆ ಕಿತ್ತರೆ ತೂತು ಉಳಿಯುತ್ತದೆ. ಗಿಡ ಉಳಿದರೆ ಅವರಿಗೆ ಲಾಭವೇ ತಾನೆ!

ನಮ್ಮ ಮನೆಯವರದು ಬ್ಯಾಂಕಿನ ಕೆಲಸ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಒಂದೂರಿನ ಹಾಲಿನವಳ ಪರಿಚಯ ಗಟ್ಟಿಯಾಗುವ ಹೊತ್ತಿಗೆ ಇನ್ನೊಂದೂರಿನ ಹಾಲಿನವಳನ್ನು ಹುಡುಕಬೇಕು. ಹೀಗೆ ಏಳು ಊರು, ಒಂಬತ್ತು ಮನೆ ಕಂಡೆ. ಒಂಬತ್ತು ಮನೆಗಳಲ್ಲೂ ಗುಲಾಬಿ ನೆಟ್ಟೆ. ಕುಂಡದಲ್ಲಲ್ಲ, ನೆಲದಲ್ಲಿ.

ಇವರಿಗೆ ಇದು ಸರಿ ಕಾಣುತ್ತಿರಲಿಲ್ಲ. "ಕುಂಡದಲ್ಲಿ ಹಾಕು, ಹೋಗುವಾಗ ಲಾರಿಗೆ ಏರಿಸಿದರಾಯಿತು. ಕಂಡವರ ನೆಲದಲ್ಲಿ ಗಿಡ ನೆಡುವುದು ಕಂಡವರ ಖಾತೆಗೆ ದುಡ್ಡು ಕಟ್ಟಿದ ಹಾಗೆ" ಎನ್ನುತ್ತಿದ್ದರು. ಬ್ಯಾಂಕಿನವರ ಲೆಕ್ಕ, ತಪ್ಪು ಎನ್ನಲಾಗದು. ಆದರೆ ಗುಲಾಬಿಯ ಲೆಕ್ಕ ಬೇರೆ. ಹನ್ನೆರಡು ಅಂಗುಲದ ಕುಂಡದಲ್ಲಿ ಅದರ ಬೇರು ಕೋಣೆಯಲ್ಲಿ ಕೂಡಿಹಾಕಿದ ಮಗುವಿನಂತೆ ಸುತ್ತಿದಲ್ಲೇ ಸುತ್ತುತ್ತದೆ. ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕಬೇಕು. ನಾದಿನಿಯ ಮನೆಯ ಮದುವೆಗೆಂದು ನಾಲ್ಕು ದಿನ ಹೋಗಿ ಬಂದರೆ ಕಡ್ಡಿ ಮಾತ್ರ ಉಳಿದಿರುತ್ತದೆ. ನೆಲದಲ್ಲಿದ್ದರೆ ಬೇರು ತಾನೇ ಕೆಳಗಿಳಿದು ನೀರು ಹುಡುಕಿಕೊಳ್ಳುತ್ತದೆ.

ಅಲ್ಲದೆ, ನೀವೇ ಹೇಳಿ, ನಮ್ಮ ಕಾಲದ ಹೆಂಗಸರಿಗೆ ಸ್ವಂತ ನೆಲ ಎನ್ನುವುದು ಇದ್ದದ್ದಾದರೂ ಎಲ್ಲಿ? ತವರಿನ ಅಂಗಳದಲ್ಲಿ ನಾನು ನೆಟ್ಟ ಮಲ್ಲಿಗೆಯನ್ನು ಮದುವೆಯಾದ ಮೇಲೆ ಅತ್ತಿಗೆ ಕೊಯ್ದಳು. ಅತ್ತೆಯ ಮನೆಯ ಹಿತ್ತಲು ಅತ್ತೆಯದು. ನನ್ನದು ಎನ್ನುವ ನೆಲ ಸಿಕ್ಕಿದ ಮೇಲೆ ನೆಡುತ್ತೇನೆಂದು ಕಾದಿದ್ದರೆ ಐವತ್ತು ದಾಟುವ ತನಕ ಒಂದು ಹೂವನ್ನೂ ಕಾಣುತ್ತಿರಲಿಲ್ಲ.

ನೆಡುವುದಕ್ಕೆ ನನ್ನದೊಂದು ಕ್ರಮವಿದೆ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ ಜಾಗ ನೋಡಿಕೊಳ್ಳುತ್ತೇನೆ. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿಯ ಗುಂಡಿ ತೋಡಿಸಿ ವಾರವಿಡೀ ಬಿಸಿಲಿಗೆ ಬಿಡುತ್ತೇನೆ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ ಬೆರೆಸಿ ತುಂಬುತ್ತೇನೆ. (ಎಲುಬಿನ ಪುಡಿಯ ಡಬ್ಬದ ಮೇಲೆ 'ಬಿಳಿ ಗೊಬ್ಬರ' ಎಂದು ಬರೆದು ಅಂಟಿಸಿದ್ದೇನೆ. ಅತ್ತೆಯವರು ಬಂದಾಗ ಅವರಿಗೂ ನೆಮ್ಮದಿ, ನನಗೂ ನೆಮ್ಮದಿ.) ಗಿಡ ಕೂರಿಸುವಾಗ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಬೇಕು. ಆ ಗಂಟಿನ ಕಥೆ ಮುಂದೆ ಹೇಳುತ್ತೇನೆ.

1983ರಲ್ಲಿ ನಾವು ತೀರ್ಥಹಳ್ಳಿಯಲ್ಲಿದ್ದೆವು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡುವ ಲಕ್ಷಣವೇ ಇಲ್ಲ. ಗುಲಾಬಿಯ ಎಲೆಯ ಮೇಲೆಲ್ಲ ಕಪ್ಪು ಚುಕ್ಕೆ. ಚುಕ್ಕೆಯ ಸುತ್ತ ಹಳದಿಯಾಗಿ ಎಲೆ ಉದುರುತ್ತದೆ. ಅದು ಬೂಷ್ಟಿನ ರೋಗ. ಎಲೆ ಏಳೆಂಟು ಗಂಟೆ ಒಂದೇ ಸಮನೆ ಒದ್ದೆಯಾಗಿದ್ದರೆ ಸಾಕು, ಹತ್ತಿಕೊಳ್ಳುತ್ತದೆ. ಮಲೆನಾಡಿನ ಆಷಾಢದಲ್ಲಿ ಹೊದ್ದುಕೊಳ್ಳುವ ಕಂಬಳಿಯೇ ಒಣಗುವುದಿಲ್ಲ, ಇನ್ನು ಗುಲಾಬಿ ಎಲೆ ಒಣಗುತ್ತದೆಯೇ? ಅದರ ಮೇಲೆ ಕೊಂಬೆಗಳು ತುದಿಯಿಂದ ಕಪ್ಪಾಗುತ್ತಾ ಬಂದವು.

ಮನೆಯ ಯಜಮಾನಿತಿಗೆ ಅರವತ್ತರ ಆಸುಪಾಸು. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡವರು. ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಅವರು ಒಂದು ದಿನ ಚಾಕು ಹಿಡಿದು ಬಂದರು. ಕಪ್ಪಾದ ಕೊಂಬೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಕೆಳಗಿಳಿದರು. ಒಳಗೆ ಹಸಿ ಹಸಿರು ಕಂಡ ಮೇಲೆಯೇ ನಿಲ್ಲಿಸಿದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ತಂದಿದ್ದ ಮೈಲುತುತ್ತ ಅವರ ಮನೆಯಲ್ಲಿತ್ತು. ಅದನ್ನು ಸುಣ್ಣದ ಜೊತೆ ಕಲಸಿ ಗಾಯಕ್ಕೆ ಬಳಿದರು. ಉದುರಿದ ಎಲೆಗಳನ್ನೆಲ್ಲ ಆರಿಸಿ ಒಲೆಗೆ ಹಾಕಿಸಿದರು. ಬುಡದಲ್ಲಿ ಬಿಟ್ಟರೆ ಮಳೆಹನಿ ಸಿಡಿದು ರೋಗ ಮತ್ತೆ ಮೇಲೇರುತ್ತದಂತೆ. "ಅಡಿಕೆಮರವಾದರೇನು, ಗುಲಾಬಿಯಾದರೇನು, ಕೊಳೆತದ್ದನ್ನು ಉಳಿಸ್ಕೊಂಡ್ರೆ ಒಳ್ಳೇದೂ ಹೋಗ್ತದೆ" ಎಂದರು.

ಮಳೆ ಹಿಂದಾಗಿ ಅಕ್ಟೋಬರಿನಲ್ಲಿ ಗಿಡವನ್ನು ಚೆನ್ನಾಗಿ ಸವರಿದೆವು. ಹೊರಮುಖವಾಗಿರುವ ಮೊಗ್ಗುಕಣ್ಣಿನ ಕಾಲಂಗುಲ ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಬೇಕು. ಆಗ ಹೊಸ ಕೊಂಬೆ ಹೊರಕ್ಕೆ ಹೋಗುತ್ತದೆ, ಗಿಡದ ನಡುವೆ ಗಾಳಿ ಬೆಳಕು ಆಡುತ್ತದೆ. ಆರೇಳು ವಾರಕ್ಕೆ ಮೊದಲ ಹೂ ಬಂತು. ಅಮ್ಮ ದಿನವೂ ಬೆಳಿಗ್ಗೆ ಬಂದು ಗಿಡದ ಮುಂದೆ ನಿಲ್ಲುತ್ತಿದ್ದರು. ಪಕ್ಕದ ಮನೆಯಾಕೆ ಒಮ್ಮೆ, "ನಿಮಗೆ ಯಾಕಮ್ಮಾ ಗುಲಾಬಿಯ ಉಸಾಬರಿ?" ಎಂದು ನಕ್ಕಳು. ನಾನು ತಲೆ ತಗ್ಗಿಸಿದೆ. ಅಮ್ಮ ತಗ್ಗಿಸಲಿಲ್ಲ. "ಮುಡಿಯಕ್ಕಿಲ್ಲ ಅಷ್ಟೆ ಮಾರಾಯ್ತಿ. ನೋಡಕ್ಕೆ ಯಾರ ಅಪ್ಪಣೆ ಬೇಕು?" ಎಂದರು.

ವರ್ಗವಾಗಿ ಹೊರಟಾಗ ಆ ಗಿಡದ ಚಿಂತೆ ನನಗಾಗಲಿಲ್ಲ. ಅಲ್ಲಿಂದ ಮೂರು ವರ್ಷ, ಅಕ್ಟೋಬರಿನ ಕೊನೆಗೆ ತಪ್ಪದೆ ಒಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಯೋಗಕ್ಷೇಮವೆಲ್ಲ ಎರಡು ಸಾಲು. ಕೊನೆಗೆ, 'ಗಿಡ ಸವರಿಸಿದೆ, ಚಿಗುರಿದೆ.' ನಾಲ್ಕನೆಯ ವರ್ಷ ಪತ್ರ ಬರಲಿಲ್ಲ.

ನಡುವೆ ಎರಡು ಊರು ಕಳೆದು 1989ರಲ್ಲಿ ಗದಗಿಗೆ ಬಂದೆವು. ಅಲ್ಲಿ ಸಿಕ್ಕಿದ್ದು ಎರೆಮಣ್ಣಿನ ಅಂಗಳ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ನೀರು ಹಿಡಿದುಕೊಂಡರೆ ಬಿಡುವುದೇ ಇಲ್ಲ. ಗುಲಾಬಿಗೆ ನೀರು ಬೇಕು, ನಿಂತ ನೀರು ಮಾತ್ರ ಆಗದು. ಹಾಗಾಗಿ ಗುಂಡಿಯನ್ನು ಇನ್ನೂ ಅರ್ಧ ಅಡಿ ಆಳ ಮಾಡಿಸಿ, ತಳಕ್ಕೆ ಒಡೆದ ಹಂಚು ಹಾಕಿ, ಚಕ್ಕಡಿಯಲ್ಲಿ ಮಸಾರಿ ಮಣ್ಣು ತರಿಸಿ ತುಂಬಿದೆ. ಬುಡವನ್ನು ಸುತ್ತಲಿನ ನೆಲಕ್ಕಿಂತ ದಿಣ್ಣೆ ಮಾಡಿದೆ. ನಲ್ಲಿ ನೀರು ಬರುವುದು ಎಂದೋ ಒಂದು ದಿನ. ತರಕಾರಿ, ಅಕ್ಕಿ, ಬೇಳೆ ತೊಳೆದ ನೀರೆಲ್ಲ ಗಿಡದ ಪಾಲಾಯಿತು.

ಹೂ ಬಿಟ್ಟ ದಿನದಿಂದ ಮನೆಯೊಡತಿ ನಸುಕಿನಲ್ಲೇ ಎದ್ದು ಅಷ್ಟನ್ನೂ ಪೂಜೆಗೆ ಕಿತ್ತುಕೊಳ್ಳತೊಡಗಿದರು. ನಾನು ಏಳುವಾಗ ಮುರಿದ ತೊಟ್ಟುಗಳ ದರ್ಶನ. ಒಂದು ದಿನ ಧೈರ್ಯ ಮಾಡಿ ಕೇಳಿದೆ. "ನೆಲಾ ನಮ್ದು, ನೀರು ನಿಮ್ದು. ಅರ್ಧಾ ಅರ್ಧಾ ಮಾಡೋಣು ತಗೋರಿ ಬಾಯಾರ" ಎಂದು ಥಟ್ಟನೆ ತೀರ್ಪು ಕೊಟ್ಟರು! ಇಂಥ ನ್ಯಾಯಕ್ಕೆ ಎದುರಾಡುವುದು ಹೇಗೆ? ಒಪ್ಪಿದೆ, ಒಂದು ಕರಾರಿನ ಮೇಲೆ. ಹೂವನ್ನು ಕತ್ತು ಹಿಚುಕಿದ ಹಾಗೆ ಮುರಿಯಬಾರದು. ಕತ್ತರಿಯಿಂದ, ಐದು ಎಲೆ ಇರುವ ಕಡ್ಡಿಯ ಮೇಲಕ್ಕೆ ಕತ್ತರಿಸಬೇಕು. ಆ ಕಡ್ಡಿಯ ಬುಡದ ಕಣ್ಣಿನಿಂದಲೇ ಮುಂದಿನ ಹೂವಿನ ಕೊಂಬೆ ಒಡೆಯುವುದು. ಒಂದು ತಿಂಗಳಲ್ಲಿ ಹೂ ಹೆಚ್ಚಾದುದನ್ನು ನೋಡಿ ಅವರೇ ಓಣಿಯ ಹೆಂಗಸರಿಗೆಲ್ಲ ಪಾಠ ಹೇಳಲು ಶುರುಮಾಡಿದರು. "ಈ ಸಲ ಗುಲಾಬಿ ಚಾಟ್ನಿ ಯಾವಾಗರೀ?" ಎಂದು ಆ ಹೆಂಗಸರು ಕೇಳುತ್ತಿದ್ದರು. ಆ ಕಡೆ ದ್ರಾಕ್ಷಿ ಬಳ್ಳಿ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ. ಒಳಗಿದ್ದ ಇವರ ಕಿವಿಗೆ ಅದು 'ಚಟ್ನಿ' ಎಂದು ಬಿದ್ದು, ರಾತ್ರಿ ರೊಟ್ಟಿಯ ಜೊತೆಗೆ ಹೊಸ ರುಚಿ ಬರುತ್ತದೆಂದು ಕಾದು ಕುಳಿತದ್ದುಂಟು.

ಸಾಮಾನು ಕಟ್ಟುವ ದಿನ ಮನೆಯೊಡತಿ ಬಂದು ಗಿಡದ ಹತ್ತಿರ ನಿಂತು, "ಕಿತ್ಕೊಂಡು ಹೋಗಾವ್ರೇನ್ರೀ?" ಎಂದರು. ಅನುಮಾನವೂ ಇತ್ತು, ಆಸೆಯೂ ಇತ್ತು. "ಇಲ್ರೀ, ಆ ಕತ್ತರಿನೂ ನಿಮಗೇ" ಎಂದೆ. ಅಷ್ಟು ಜೋರಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನು ಗಂಟಿನ ಕಥೆ. ನರ್ಸರಿಯಲ್ಲಿ ಕೊಳ್ಳುವ ದೊಡ್ಡ ಹೂವಿನ ಗುಲಾಬಿ ಸಾಮಾನ್ಯವಾಗಿ ಒಂದು ಗಿಡವಲ್ಲ, ಎರಡು. ಕೆಳಗಿನ ಬೇರು ಗಟ್ಟಿಮುಟ್ಟಾದ ಕಾಡು ಜಾತಿಯದೋ ನಾಟಿ ಜಾತಿಯದೋ ಆಗಿರುತ್ತದೆ. ಅದರ ತೊಗಟೆಯನ್ನು ಸೀಳಿ, ಒಳ್ಳೆಯ ಜಾತಿಯ ಒಂದೇ ಒಂದು ಮೊಗ್ಗುಕಣ್ಣನ್ನು ಕೂರಿಸಿ ಕಟ್ಟುತ್ತಾರೆ. ಅದು ಹಿಡಿದ ಮೇಲೆ ಮೇಲಿನ ಕಾಡುಕೊಂಬೆಯನ್ನು ಕತ್ತರಿಸಿಬಿಡುತ್ತಾರೆ. ಮೇಲಿನವಳು ಹೂ ಬಿಡುತ್ತಾಳೆ, ಕೆಳಗಿನವಳು ಉಣಬಡಿಸುತ್ತಾಳೆ. ಆದರೆ ಕೆಳಗಿನವಳಿಗೂ ಬದುಕುವ ಆಸೆ ಇರುತ್ತದಲ್ಲ? ಒಮ್ಮೊಮ್ಮೆ ಗಂಟಿನ ಕೆಳಗಿನಿಂದ ತನ್ನದೇ ಚಿಗುರನ್ನು ಕಳಿಸುತ್ತಾಳೆ. ಬಹಳ ರಭಸದ ಚಿಗುರು ಅದು. ಮಣ್ಣು ಕೆದರಿ, ಅದು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಮೇಲಿಂದ ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ.

1996ರಲ್ಲಿ ನಾವು ಹಾಸನಕ್ಕೆ ಬಂದೆವು. ಮರುವರ್ಷದ ಜನವರಿಯಲ್ಲಿ ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಹೋದಾಗ ಬೆಂಗಳೂರಿನ ನರ್ಸರಿಯೊಂದರಲ್ಲಿ 'ಪೀಸ್' ಗುಲಾಬಿಯ ಗಿಡ ಕೊಂಡೆ. ಬೆಣ್ಣೆಹಳದಿಯ ದೊಡ್ಡ ಹೂ, ದಳದ ಅಂಚಿಗೆ ತೆಳುಗೆಂಪು. ಅದನ್ನು ಬೆಳೆಸಿದವನು ಫ್ರಾನ್ಸಿನ ಫ್ರಾನ್ಸಿಸ್ ಮೆಯಾಂ. ಎರಡನೆಯ ಮಹಾಯುದ್ಧ ಫ್ರಾನ್ಸಿಗೆ ಬರುವ ಮುಂಚೆಯೇ ಅವನು ಅದರ ಕಡ್ಡಿಗಳನ್ನು ಹೊರದೇಶಗಳ ಬೆಳೆಗಾರರಿಗೆ ಕಳಿಸಿಕೊಟ್ಟಿದ್ದ. ಫ್ರಾನ್ಸಿನಲ್ಲಿ ಅದಕ್ಕೆ ಅವನಿಟ್ಟದ್ದು ತನ್ನ ತಾಯಿಯ ಹೆಸರು, 'ಮದಾಂ ಎ. ಮೆಯಾಂ'. ಅಮೆರಿಕದಲ್ಲಿ ಬೆಳೆದವರು 1945ರ ಏಪ್ರಿಲ್ 29ರಂದು, ಯುದ್ಧ ಮುಗಿಯುತ್ತಿದ್ದ ದಿನಗಳಲ್ಲಿ, ಅದಕ್ಕೆ 'ಪೀಸ್' ಎಂದು ಹೆಸರಿಟ್ಟರು. ಜರ್ಮನಿಯವರು, ಇಟಲಿಯವರು ತಮ್ಮ ತಮ್ಮ ಹೆಸರಿಟ್ಟುಕೊಂಡರು. ಕಂಡವರ ನೆಲಕ್ಕೆ ಕಳಿಸಿದ ಗಿಡ ಊರೂರಲ್ಲಿ ಬೇರೆ ಬೇರೆ ಹೆಸರಿನಿಂದ ಬಾಳಿತು. ಇದನ್ನು ಓದಿ ಇವರಿಗೆ ಹೇಳಿದೆ. "ಹಾಗಾದರೆ ಅದು ನಿನ್ನ ಪಾರ್ಟಿ" ಎಂದು ನಕ್ಕರು.

ಹಾಸನದ ಕೆಮ್ಮಣ್ಣು, ತಂಪು ಹವೆ ಅದಕ್ಕೆ ಒಗ್ಗಿತು. ಊಟದ ತಟ್ಟೆಯ ಅರ್ಧದಷ್ಟಗಲದ ಹೂ ಬಿಡುತ್ತಿತ್ತು. 2000ದಲ್ಲಿ ಹೊರಟಾಗ ಮಾಲೀಕರ ಸೊಸೆಗೆ ನೀರು, ಗೊಬ್ಬರ, ಸವರುವುದು ಎಲ್ಲ ತೋರಿಸಿಕೊಟ್ಟೆ. ಅಲ್ಲಿದ್ದಷ್ಟು ದಿನವೂ ಅದರ ಬುಡದಲ್ಲಿ ಕಾಡುಚಿಗುರು ಒಂದೂ ಬಂದಿರಲಿಲ್ಲ. ತೋರಿಸೋಣವೆಂದರೂ ತೋರಿಸುವುದಕ್ಕೆ ಇರಲಿಲ್ಲ.

2004ರಲ್ಲಿ ಒಂದು ಗೃಹಪ್ರವೇಶಕ್ಕೆ ಹೋದವಳು ಆ ಮನೆಗೆ ಹೋದೆ. ಸೊಸೆ ಕೈ ಹಿಡಿದು ಅಂಗಳಕ್ಕೆ ಕರೆದೊಯ್ದಳು. "ನೋಡಿ ಅಕ್ಕಾ ನಿಮ್ಮ ಗಿಡ! ನೀವಿದ್ದಾಗ ಒಂದೊಂದೇ ಹೂ. ಈಗ ಗೊಂಚಲು ಗೊಂಚಲು!" ನನ್ನ ತಲೆಗಿಂತ ಎತ್ತರದ ಪೊದೆ. ತುಂಬ ಸಣ್ಣ ಸಣ್ಣ ತಿಳಿಗುಲಾಬಿ ಹೂ, ಸಡಿಲ ದಳ, ಒಳ್ಳೆಯ ಪರಿಮಳ. ಬಗ್ಗಿ ಬುಡ ನೋಡಿದೆ. ಗಂಟಿನ ಮೇಲಿನದು ಒಣಗಿದ ಒಂದು ಮೋಟು ಮಾತ್ರ. ನನ್ನ ಪೀಸ್ ಎಂದೋ ಹೋಗಿತ್ತು. ಕೆಳಗಿನವಳು ಮನೆ ತುಂಬಿಕೊಂಡಿದ್ದಳು.

ಎದೆ ಧಸಕ್ಕೆಂದಿತು. ಹೇಳಲೋ ಬೇಡವೋ? ಅವಳ ಪುಟ್ಟ ಮಗಳು ಎರಡು ಜಡೆಗೂ ಆ ಹೂ ಮುಡಿದು ಕುಣಿಯುತ್ತಿದ್ದಳು. ಆ ಹೊತ್ತಿಗೆ ಏನೂ ಹೇಳಲಿಲ್ಲ. ಕಾಫಿ ಕುಡಿದ ಮೇಲೆ ಕತ್ತರಿ ಕೇಳಿ ಇಸಿದುಕೊಂಡು, ಒಣಗಿದ ಮೋಟನ್ನು ತೆಗೆದು, ಪೊದೆಯ ಒಳಗಿನ ಹಳೆಯ ಕೊಂಬೆಗಳನ್ನು ಸವರಿ, ಗಂಟೆಂದರೆ ಏನೆಂದು ಅವಳಿಗೆ ತೋರಿಸಿದೆ. "ಇದೂ ಗುಲಾಬಿಯೇ, ಚೆನ್ನಾಗಿ ನೋಡಿಕೋ. ಮುಂದೆ ಕಸಿ ಗಿಡ ತಂದರೆ ಇಲ್ಲಿಂದ ಕೆಳಗೆ ಬಂದದ್ದನ್ನು ಬಿಡಬೇಡ" ಎಂದೆ. ಬಸ್ಸಿನಲ್ಲಿ ಕುಳಿತ ಮೇಲೆ ದುಃಖ ಬಂತು. ಇವರು ತಮ್ಮ ಖಾತೆಯ ಮಾತು ಎತ್ತಲಿಲ್ಲ. ಅದು ಅವರ ದೊಡ್ಡತನ.

ಅಂದಿನಿಂದ ನನಗೊಂದು ವಿಷಯ ಖಚಿತವಾಯಿತು. ಬಿಟ್ಟುಬಂದ ಗಿಡ ಮಣ್ಣಿನಿಂದ, ಗೊಬ್ಬರದಿಂದ ಮಾತ್ರ ಉಳಿಯುವುದಿಲ್ಲ. ಅದರ ಕಷ್ಟ ಗುರುತಿಸುವ ಒಬ್ಬ ಹೆಂಗಸು ಅಲ್ಲಿರಬೇಕು. ಮೈಲುತುತ್ತ ಬಳಿದ ಅಮ್ಮ ಇದ್ದಷ್ಟು ಕಾಲ ತೀರ್ಥಹಳ್ಳಿಯ ಗಿಡಕ್ಕೆ ನಾನು ಬೇಕಾಗಿರಲಿಲ್ಲ.

2012ರಲ್ಲಿ ಮೈಸೂರಿನಲ್ಲಿ ನಮ್ಮದೇ ಮನೆಯಾಯಿತು. ಈಗ ನೆಲವೂ ನಮ್ಮದು, ನೀರೂ ನಮ್ಮದು. ಮಹಡಿಯ ಮೇಲೆ ಬಾಡಿಗೆಗೆ ಬಂದ ಹುಡುಗಿ ಒಂದು ದಿನ ಪ್ಲಾಸ್ಟಿಕ್ ಕುಂಡದಲ್ಲಿ ಕಡುಕೆಂಪು ಗುಲಾಬಿ ತಂದು ಮೆಟ್ಟಿಲ ಮೇಲಿಟ್ಟಳು. "ಕೆಳಗೆ ನೆಡು" ಎಂದೆ. "ಬೇಡ ಆಂಟಿ, ನಾವು ಹೋಗೋರು" ಎಂದಳು. ಅವಳ ಕೈಯಿಂದಲೇ ಗುಂಡಿ ತೋಡಿಸಿದೆ. ಗಂಟು ಎಲ್ಲಿರಬೇಕು, ಕಪ್ಪಾದ ಕೊಂಬೆಯನ್ನು ಎಲ್ಲಿಯವರೆಗೆ ಇಳಿದು ಕತ್ತರಿಸಬೇಕು, ಬುಡದ ಕಳ್ಳಚಿಗುರನ್ನು ಹೇಗೆ ಕೀಳಬೇಕು ಎಲ್ಲ ಕಲಿತಳು.

ಈ ಜೂನಿನಲ್ಲಿ ಅವಳ ಗಂಡನಿಗೆ ವರ್ಗವಾಯಿತು. ಹೋದ ಊರಿನ ಬಾಡಿಗೆ ಮನೆಯಲ್ಲಿ ಎರಡಡಿ ಮಣ್ಣಿದೆಯಂತೆ. ಗುಂಡಿ ತೋಡಿ ಬಿಸಿಲಿಗೆ ಬಿಟ್ಟಿದ್ದೇನೆ ಎಂದು ಫೋನು ಮಾಡಿದ್ದಳು. ಮೊನ್ನೆ ಮತ್ತೆ ಮಾಡಿ, "ಆಂಟಿ, ನನ್ನ ಗಿಡಕ್ಕೆ ಕತ್ತರಿ ಹಾಕಿದ್ರಾ? ಅಕ್ಟೋಬರ್ ಬಂತು" ಎಂದು ಜ್ಞಾಪಿಸಿದಳು.

ಈ ಭಾನುವಾರ ಹಾಕುತ್ತೇನೆ.