ಅಂಗಡಿ ಕೈಬದಲಾಗುವಾಗ

2020ರ ಆಗಸ್ಟ್ 29ರಂದು ಫ್ಯೂಚರ್ ಗ್ರೂಪ್ ತನ್ನ ಚಿಲ್ಲರೆ, ಸಗಟು, ಸಾಗಣೆ, ಗೋದಾಮು ವಹಿವಾಟುಗಳನ್ನು 24,713 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರುವುದಾಗಿ ಪ್ರಕಟಿಸಿತು. ಸಾಲ ಮೊದಲೇ ಏರಿತ್ತು, ಲಾಕ್‌ಡೌನ್ ವ್ಯಾಪಾರವನ್ನು ನೆಲಕಚ್ಚಿಸಿತ್ತು. ಬೆಂಗಳೂರಿಗೆ ಆ ಗ್ರೂಪಿನ ಬಿಗ್ ಬಜಾರ್ ಹಳೆಯ ಪರಿಚಯ. 2001ರಲ್ಲಿ ಗ್ರೂಪಿನ ಸ್ಥಾಪಕ ಕಿಶೋರ್ ಬಿಯಾನಿ ತೆರೆದ ಮೊದಲ ಮಳಿಗೆಗಳಲ್ಲಿ ಇಲ್ಲಿನದೂ ಒಂದು. ಫ್ಯೂಚರ್ ಪ್ರಕಟಿಸಿದ ಬಗೆಯ ಮಾರಾಟಕ್ಕೆ ಸ್ಲಂಪ್ ಸೇಲ್ ಎನ್ನುತ್ತಾರೆ: ಒಂದೊಂದು ಆಸ್ತಿಗೂ ಬೇರೆ ಬೆಲೆ ಕಟ್ಟದೆ, ನಡೆಯುತ್ತಿರುವ ವ್ಯವಹಾರವನ್ನು ಇದ್ದಂತೆ ಒಟ್ಟಿಗೆ ಒಪ್ಪಿಸುವುದು. ನಡೆಯುತ್ತಿರುವುದು ಎಂದಮೇಲೆ ಅದನ್ನು ನಡೆಸುವವರೂ ಲೆಕ್ಕಕ್ಕೆ ಸೇರಿದರಲ್ಲವೆ? ಹಾಗಿದ್ದರೆ ಅವರನ್ನು ಒಂದು ಮಾತು ಕೇಳುವ ಪದ್ಧತಿ ಯಾಕಿಲ್ಲ?

*

ಕಂಪನಿ ಕಷ್ಟದಲ್ಲಿದೆ ಎಂಬುದನ್ನು ಮಳಿಗೆಯ ಫ್ಲೋರಿನಲ್ಲಿ ದುಡಿಯುವವರು ಪತ್ರಿಕೆ ಓದಿ ತಿಳಿಯಬೇಕಿಲ್ಲ. ಬಾಕಿ ಬಾರದಿದ್ದರೆ ಪೂರೈಕೆದಾರರು ಸರಕು ನಿಲ್ಲಿಸುತ್ತಾರೆ. ‘ಸ್ಟಾಕ್ ಬರ್ತಿಲ್ಲ’ ಎಂಬ ಮಾತು ಗೋದಾಮಿನಿಂದ ಬಿಲ್ಲಿಂಗ್ ಕೌಂಟರಿಗೆ ಬಂದು ಮುಟ್ಟುತ್ತದೆ. ಹಿಂದಿನ ಪೊಟ್ಟಣಗಳನ್ನು ಮುಂದಕ್ಕೆಳೆದು, ಎಣ್ಣೆಯ ಜಾಗದಲ್ಲೂ ಬಿಸ್ಕತ್ತು ಹರಡಿ, ರ್ಯಾಕು ತುಂಬಿದಂತೆ ಕಾಣಿಸುವುದು ಅವರ ಪಾಲಿನ ಕೆಲಸ. ‘ಮುಚ್ತೀರಂತೆ, ಹೌದಾ?’ ಎಂದು ಗಿರಾಕಿ ಕೇಳಿದರೆ ಇಲ್ಲವೆನ್ನಬೇಕಾದವರೂ ಅವರೇ. ಸುದ್ದಿಯನ್ನು ಮೇಲಿಟ್ಟುಕೊಂಡು, ಧೈರ್ಯ ಹೇಳುವ ಹೊರೆಯನ್ನು ಮಾತ್ರ ಕೆಳಕ್ಕೆ ಇಳಿಸುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ.

*

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇಂಥವರ ರಕ್ಷಣೆಗೊಂದು ದಾರಿಯಿತ್ತು. ಉದ್ಯಮ ಕೈಬದಲಾದರೆ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರಿಗೆ ನೋಟಿಸು, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ. ಹೊಸ ಮಾಲೀಕ ಸೇವೆ ಮುರಿಯದೆ, ಷರತ್ತು ಕೆಡಿಸದೆ, ಹಳೆಯ ವರ್ಷಗಳ ಹೊಣೆಯನ್ನೂ ಹೊತ್ತುಕೊಂಡರೆ ಪರಿಹಾರದ ಮಾತಿರಲಿಲ್ಲ. ನ್ಯಾಯವಾಗಿಯೇ ಇತ್ತು. ಆದರೆ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಮಿಕರಾಗಿರಲಿಲ್ಲ. ಮೂಟೆ ಹೊತ್ತು, ಬೆಲೆಚೀಟಿ ಅಂಟಿಸಿ ಟೀಮ್ ಲೀಡರ್ ಆದವಳಿಗೆ, ಬಡ್ತಿ ಸಿಕ್ಕ ದಿನವೇ ಈ ರಕ್ಷಣೆ ತಪ್ಪಿಹೋಗಬಹುದಿತ್ತು. ಬಡ್ತಿಯ ಪತ್ರದಲ್ಲಿ ಅದನ್ನು ಯಾರು ಬರೆಯುತ್ತಾರೆ?

*

ಅಮೆಜಾನ್ 2019ರಲ್ಲಿ ಅದೇ ಗ್ರೂಪಿನ ಫ್ಯೂಚರ್ ಕೂಪನ್ಸ್‌ನ ಶೇ. 49 ಪಾಲು ಕೊಂಡಿತ್ತು. ಆ ಒಪ್ಪಂದದ ಬಲದಿಂದ ಮಾರಾಟಕ್ಕೆ ಅಡ್ಡ ನಿಂತಿತು. ಸಿಂಗಪುರದ ಮಧ್ಯಸ್ಥಿಕೆ, ದೆಹಲಿ ಹೈಕೋರ್ಟ್, ಸುಪ್ರೀಂ ಕೋರ್ಟ್. ಇಷ್ಟು ಹೊತ್ತು ಮಳಿಗೆಯಲ್ಲಿ ನಿಂತವರ ಇಕ್ಕಟ್ಟೇ ಬೇರೆ. ತಾನಾಗಿ ರಾಜೀನಾಮೆ ಕೊಟ್ಟರೆ ಪರಿಹಾರ ಕೇಳುವ ಹಕ್ಕು ಹೋಯಿತು. ಕಾದರೆ, ಎಲ್ಲರೂ ಒಮ್ಮೆಗೇ ಬೀದಿಗೆ ಬಂದ ದಿನ ಬೇರೆ ಕೆಲಸ ಎಲ್ಲಿ? ಐದು ವರ್ಷದ ಗ್ರಾಚುಟಿಗೆ ಕೆಲವೇ ತಿಂಗಳು ಉಳಿದವರಂತೂ ಅತ್ತ ಹೋಗಲಾರರು, ಇತ್ತ ನಿಶ್ಚಿಂತೆಯಿಂದ ಇರಲಾರರು.

*

2022ರ ಫೆಬ್ರವರಿ ಕೊನೆಗೆ ಆದದ್ದು ನನಗೆ ಇನ್ನೂ ಒಗಟು. ಮಾರಾಟವೇ ಮುಗಿದಿರಲಿಲ್ಲ. ಬಾಡಿಗೆ ಕಟ್ಟಲಾಗದೆ ಬಹಳಷ್ಟು ಮಳಿಗೆಗಳ ಗುತ್ತಿಗೆ ಅದಾಗಲೇ ರಿಲಯನ್ಸ್ ಹೆಸರಿಗೆ ಹೋಗಿತ್ತು. ಅದೇ ಆಧಾರದ ಮೇಲೆ ಅದು ಮಳಿಗೆಗಳನ್ನು ವಶಕ್ಕೆ ಪಡೆಯಿತು, ಅಲ್ಲಿನ ಸಿಬ್ಬಂದಿಗೆ ಕೆಲಸ ಕೊಡುವುದಾಗಿಯೂ ಹೇಳಿತು. ಬಿಗ್ ಬಜಾರ್ ಬೋರ್ಡು ಸ್ಮಾರ್ಟ್ ಬಜಾರ್ ಆಯಿತು. ಕೆಲಸ ಉಳಿದವರಿಗೆ ಅದು ದೊಡ್ಡ ಸಮಾಧಾನ, ಅದನ್ನು ಹಗುರ ಮಾಡಲಾರೆ. ಆದರೆ ಗೋಡೆ ಬಂದದ್ದು ಬಾಡಿಗೆ ಪತ್ರದಿಂದ, ಮನುಷ್ಯರು ಬಂದದ್ದು ಹೊಸ ಆಫರ್ ಲೆಟರಿನಿಂದ. ಇಂಥ ಪತ್ರದ ‘ಸೇರಿದ ದಿನಾಂಕ’ದ ಎದುರು ಯಾವ ವರ್ಷ ಬರೆಯಬೇಕು? ಹತ್ತು ವರ್ಷದ ಸೇವೆ ಉಳಿಯುವುದೂ ಅಳಿಯುವುದೂ ಆ ಒಂದು ಸಾಲಿನಲ್ಲಿ.

*

ಏಪ್ರಿಲ್‌ನಲ್ಲಿ ಆಸ್ತಿಯ ಭದ್ರತೆಯ ಮೇಲೆ ಸಾಲ ಕೊಟ್ಟವರು ಮಾರಾಟದ ವಿರುದ್ಧ ಮತ ಹಾಕಿದರು, ಒಪ್ಪಂದ ಬಿದ್ದುಹೋಯಿತು. ಜುಲೈನಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಅರ್ಜಿಯ ಮೇಲೆ, ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರೀಟೇಲ್ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2024ರಲ್ಲಿ ಕಂಪನಿಯನ್ನು ಸಮಾಪನಗೊಳಿಸಲು ಆದೇಶವಾಯಿತು. ಸಮಾಪನದಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಬ್ಯಾಂಕುಗಳ ಸರಿಸಮ ಸ್ಥಾನ. ಉಳಿದ ನೌಕರರ 12 ತಿಂಗಳ ಬಾಕಿ ಒಂದು ಮೆಟ್ಟಿಲು ಕೆಳಗೆ. ಕಾರ್ಮಿಕರು ಯಾರು ಎಂಬುದಕ್ಕೆ ಆಗ ಇಲ್ಲೂ ಅದೇ ಹಳೆಯ ವ್ಯಾಖ್ಯೆಯಿತ್ತು. ಟೀಮ್ ಲೀಡರ್ ಆದವಳು ಇನ್ನೊಮ್ಮೆ ಕೆಳಗಿಳಿದಳು.

*

ಶಾಂಪೂ ಕಂಪನಿಯ ಟೀ ಶರ್ಟ್ ತೊಟ್ಟು ನಿಲ್ಲುವವರು, ಸೆಕ್ಯುರಿಟಿಯವರು, ನೆಲ ಒರೆಸುವವರು: ಇವರೆಲ್ಲ ‘ಆಫ್ ರೋಲ್’. ಇವರ ಸಂಬಳ ಬೇರೆಲ್ಲಿಂದಲೋ ಬರುವುದರಿಂದ ಮಾರುವವರ ಪಟ್ಟಿಯಲ್ಲೂ ಕೊಳ್ಳುವವರ ಪಟ್ಟಿಯಲ್ಲೂ ಹೆಸರಿಲ್ಲ. ಮಳಿಗೆ ಮುಚ್ಚಿದರೆ ಕೆಲಸ ಹೋಗುವುದು ಮಾತ್ರ ಇವರಿಗೂ ಅದೇ ದಿನ. ಇವರ ಲೆಕ್ಕ ಬರೆದಿಟ್ಟವರು ಯಾರಾದರೂ ಇದ್ದರೆ ಅವರನ್ನು ನಾನು ಕಾಣಬೇಕು.